ಮಡಿ ಉಟ್ಟ ಪ್ರೋಗ್ರಾಮು



ನಿಮ್ಮಲ್ಲಿ ಬಹಳಷ್ಟು ಜನ ಪುಣೆಯಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್. ಹಿಂಜವಡಿಯ ಕಂಪನಿಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಅನ್ನ ಗಳಿಸುವವರೂ ಅನೇಕರಿದ್ದೀರಿ. ಆದ್ದರಿಂದ ಈ ಸಲ ಊರಿನ ನೆನಪುಗಳನ್ನು ಬದಿಗಿಟ್ಟು ನಿಮ್ಮದೇ ಕಸುಬಿನ ಮಾತು ಹೇಳೋಣವೆಂದುಕೊಂಡೆ. ಇದು ನನ್ನ ತಪ್ಪಿನ ಕಥೆಯೂ ಹೌದು. ಆದರೆ ಊರಿನ ನೆನಪಿಲ್ಲದೆ ಮಾತು ಶುರು ಮಾಡಲು ನನ್ನಿಂದಾಗದು, ಕ್ಷಮಿಸಿ.

ಗದಗಿನ ಮನೆಯಲ್ಲಿ ನಮ್ಮ ಅಜ್ಜಿ ಮಡಿಯಿಂದ ಅಡಿಗೆ ಮಾಡುತ್ತಿದ್ದಳು. ಸ್ನಾನ ಮಾಡಿ ಮಡಿಸೀರೆ ಉಟ್ಟು ಒಲೆಯ ಮುಂದೆ ಕುಳಿತಳೆಂದರೆ ನಾವು ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಸಂತೆಯ ಕಾಯಿಪಲ್ಲೆಯನ್ನು ಹೊಸ್ತಿಲ ಹೊರಗೇ ಇಡಬೇಕು; ಅವಳು ನೀರು ಹಾಕಿ ಒಳಗೆ ತೆಗೆದುಕೊಳ್ಳುವಳು. ಮರೆತು ಯಾರಾದರೂ ಮುಟ್ಟಿದರೋ, ಅವಳಿಗೆ ಮತ್ತೆ ಸ್ನಾನ, ನಮಗೆ ಬೈಗುಳ.

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಮೊದಲು ಕಲಿತಾಗ ನನಗೆ ಈ ಅಜ್ಜಿಯೇ ನೆನಪಾದಳು. 1987ರಲ್ಲಿ ಅಮೆರಿಕೆಯ ಪೋರ್ಟ್‌ಲ್ಯಾಂಡ್‌ನಲ್ಲಿ ಸೇರಿದ ಕೆಲವು ವಿದ್ವಾಂಸರು ಸಮಿತಿ ಮಾಡಿಕೊಂಡು ಈ ಭಾಷೆಯನ್ನು ರೂಪಿಸತೊಡಗಿದರು. 1990ರಲ್ಲಿ ಅದರ ಮೊದಲ ವರದಿ ಹೊರಬಂತು. ಹ್ಯಾಸ್ಕೆಲ್ ಕರಿ ಎಂಬ ತರ್ಕಶಾಸ್ತ್ರಜ್ಞನ ಹೆಸರನ್ನೇ ಅದಕ್ಕಿಟ್ಟರು. ಅದು 'ಶುದ್ಧ' ಭಾಷೆ. ಇಲ್ಲಿ ಲೆಕ್ಕವೆಂದರೆ ನಾವು ಬಾಯಿಪಾಠ ಮಾಡಿದ ಮಗ್ಗಿಯಂತೆ: ಏಳೆಂಟ್ಲೆ ಐವತ್ತಾರು. ಮಳೆಯಿರಲಿ, ಬಿಸಿಲಿರಲಿ, ಯಾರೇ ಕೇಳಲಿ, ಯಾವಾಗಲೇ ಕೇಳಲಿ, ಐವತ್ತಾರೇ. ಒಳಗೆ ಬಂದದ್ದು ಅದೇ ಆದರೆ ಹೊರಗೆ ಬರುವ ಉತ್ತರವೂ ಅದೇ.

ವೆಬ್‌ನ ಕೆಲಸವಾದರೋ ಇದಕ್ಕೆ ತೀರ ವಿರುದ್ಧ. ಗಡಿಯಾರ ನೋಡಬೇಕು, ದತ್ತಸಂಗ್ರಹದಿಂದ ಓದಬೇಕು, ಅಲ್ಲಿ ಬರೆಯಬೇಕು, ಬ್ಯಾಂಕಿನೊಡನೆ ಮಾತನಾಡಬೇಕು. ಎಲ್ಲವೂ ಸಂತೆಯ ವ್ಯವಹಾರವೇ! ಶುದ್ಧ ಭಾಷೆ ಇದನ್ನೇನೂ ನಿಷೇಧಿಸುವುದಿಲ್ಲ. ಹೊರಜಗತ್ತನ್ನು ಮುಟ್ಟುವ ಕೆಲಸಕ್ಕೆ 'ಐಓ' ಎಂಬ ಗುರುತು ಹಚ್ಚಿ ಹೊಸ್ತಿಲಲ್ಲಿ ನಿಲ್ಲಿಸುತ್ತದೆ. ಈ ಪದ್ಧತಿ ಭಾಷೆಯ ಅಧಿಕೃತ ವರದಿಯಲ್ಲಿ ಸೇರಿದ್ದೂ 1996ರಲ್ಲಿ. ಅದಕ್ಕೂ ಮೊದಲು ಒಂದು ಸಾಲು ಓದಿ ಒಂದು ಸಾಲು ಬರೆಯುವುದೇ ಅಲ್ಲಿ ಕಸರತ್ತಾಗಿತ್ತು.

2024ರಲ್ಲಿ ನಮ್ಮ ಸಂಘದ ಸದಸ್ಯತ್ವ ಮತ್ತು ರಾಜ್ಯೋತ್ಸವದ ಊಟದ ನೋಂದಣಿಗೆಂದು ವೆಬ್ ಆ್ಯಪ್ ಬೇಕಾಯಿತು. 'ನಾನು ಮಾಡಿಕೊಡುತ್ತೇನೆ' ಎಂದು ಒಪ್ಪಿಕೊಂಡೆ. ಯಾವ ಭಾಷೆಯಲ್ಲೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಫೀಸಿನಲ್ಲಿ ಇಪ್ಪತ್ತೈದು ವರ್ಷ ಜಾವಾ ಬರೆದು ಬೇಸತ್ತಿದ್ದ ನನಗೆ, ಒಂದು ಸಲವಾದರೂ ಚೆಂದದ ಭಾಷೆಯಲ್ಲಿ ಕೆಲಸ ಮಾಡುವ ಆಸೆ.

ಸುಖವೂ ಇತ್ತು, ಅದನ್ನು ಮುಚ್ಚಿಡಲಾರೆ. ಸದಸ್ಯತ್ವದ ಶುಲ್ಕ ಮಾರ್ಚ್ 31ರ ನಂತರ ಬದಲಾಗುತ್ತದೆ. ಶುಲ್ಕ ಲೆಕ್ಕ ಹಾಕುವ ಶುದ್ಧ ಫಂಕ್ಷನ್ನು ತಾನೇ ಗಡಿಯಾರ ನೋಡುವಂತಿಲ್ಲ. ಇಂದಿನ ತಾರೀಖನ್ನು ನಾವೇ ಕೈಗೆ ಕೊಡಬೇಕು. ಮೊದಲು ಇದು ಕಿರಿಕಿರಿ ಎನಿಸಿತು. ಆಮೇಲೆ ನೋಡಿದರೆ, ಮಾರ್ಚ್ 31ರ ಮಧ್ಯರಾತ್ರಿಯನ್ನು ಜುಲೈ ತಿಂಗಳ ಹಗಲಿನಲ್ಲೇ ಪರೀಕ್ಷಿಸಬಹುದಾಗಿತ್ತು! ಸದಸ್ಯತ್ವದಲ್ಲಿ 'ವಿದ್ಯಾರ್ಥಿ' ಎಂಬ ಹೊಸ ವರ್ಗ ಸೇರಿಸಿದ ದಿನ, ಎಲ್ಲೆಲ್ಲಿ ಬದಲಾಯಿಸುವುದು ಬಾಕಿ ಇದೆಯೆಂದು ಕಂಪೈಲರೇ ಬೆರಳು ಮಾಡಿ ತೋರಿಸಿತು.

ಕಷ್ಟಗಳೂ ಬೆನ್ನಿಗೇ ಬಂದವು. ಶುಲ್ಕದ ಲೆಕ್ಕ ಒಂದು ಕಡೆ ತಪ್ಪಿದಾಗ, ನಡುವೆ ಒಂದು ಸಾಲು ಮುದ್ರಿಸಿ ನೋಡೋಣವೆಂದೆ. ಆಗದು, ಮುದ್ರಿಸುವುದೆಂದರೆ ಹೊರಜಗತ್ತನ್ನು ಮುಟ್ಟುವುದು. ಆ ಫಂಕ್ಷನ್ನಿಗೆ ಐಓ ಗುರುತು ಹಚ್ಚಿದರೆ ಅದನ್ನು ಕರೆಯುವವಕ್ಕೂ ಹಚ್ಚಬೇಕು, ಅವನ್ನು ಕರೆಯುವವಕ್ಕೂ ಹಚ್ಚಬೇಕು. ಮಡಿ ಕೆಟ್ಟ ಅಜ್ಜಿಯನ್ನು ಮುಟ್ಟಿದವರಿಗೆಲ್ಲ ಸ್ನಾನ! ಈ ಗಳಿಗೆಗೆಂದೇ ಒಂದು ಕಳ್ಳದಾರಿಯನ್ನೂ ಭಾಷೆ ಇಟ್ಟಿದೆಯೆನ್ನಿ, ಆದರೆ ಅದನ್ನು ಅಲ್ಲೇ ಬಿಟ್ಟರೆ ಮರ್ಯಾದೆಯಲ್ಲ.

ಇನ್ನು ಅಕ್ಷರಗಳ ಗೊಂದಲ. ಪಠ್ಯವನ್ನು ಹಿಡಿದಿಡಲು ಈ ಭಾಷೆಯಲ್ಲಿ ಬಳಕೆಯಲ್ಲಿರುವ ಬಗೆಗಳೇ ಐದು. ಬ್ರೌಸರಿನಿಂದ ಬಂದದ್ದು ಒಂದು ಬಗೆ, ಪುಟಕ್ಕೆ ಬೇಕಾದದ್ದು ಇನ್ನೊಂದು, ಹಳೆಯ ಲೈಬ್ರರಿ ಕೇಳುವುದು ಮತ್ತೊಂದು. ದಿನದ ಅರ್ಧ ಹೊತ್ತು ಒಂದನ್ನು ಇನ್ನೊಂದಕ್ಕೆ ತಿರುಗಿಸುವುದರಲ್ಲೇ ಕಳೆಯಿತು. ಹಣ ಕಟ್ಟಿಸಿಕೊಳ್ಳುವ ಸಂಸ್ಥೆಯವರು ಜಾವಾ, ಪೈಥಾನ್, ಪಿಎಚ್‌ಪಿಗಳಿಗೆ ಸಿದ್ಧ ಸಾಮಗ್ರಿ ಕೊಟ್ಟಿದ್ದರು. ಹ್ಯಾಸ್ಕೆಲ್‌ನ ಹೆಸರೇ ಅಲ್ಲಿರಲಿಲ್ಲ. ಬೇರೆಯವರು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸಕ್ಕೆ ನನಗೆ ಎರಡು ವಾರ ಹಿಡಿಯಿತು. ಸಂಘಕ್ಕೆ ಬಾಡಿಗೆಗೆ ಪಡೆದ ಸರ್ವರಿನಲ್ಲಿ ಇದ್ದದ್ದು ಒಂದೇ ಜಿಬಿ ಮೆಮೊರಿ. ಕಂಪೈಲ್ ಮಾಡಹೋದರೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ಕೊನೆಗೆ ಮನೆಯ ಲ್ಯಾಪ್‌ಟಾಪಿನಲ್ಲಿ ಸಿದ್ಧಪಡಿಸಿ, ತಯಾರಾದದ್ದನ್ನು ಅಲ್ಲಿಗೆ ಕಳಿಸತೊಡಗಿದೆ.

ಇವೆಲ್ಲ ನನ್ನೊಬ್ಬನ ಕಷ್ಟಗಳು. ಅಸಲು ಪೆಟ್ಟು ಬಿದ್ದದ್ದು ಬೇರೆಯವರಿಗೆ.

ಅಕ್ಟೋಬರ್ ಕೊನೆಯ ವಾರ ನೋಂದಣಿ ಶುರುವಾಯಿತು. ಎರಡು ದಿನದಲ್ಲಿ ಇನ್ನೂರಕ್ಕೂ ಹೆಚ್ಚು ಹೆಸರು ಬಂದವು. ಎಲ್ಲ ಸುಸೂತ್ರವೆಂದು ನಂಬಿ, ದೊಡ್ಡಪ್ಪನ ವೈಕುಂಠ ಸಮಾರಾಧನೆಗೆಂದು ನಾನು ಗದಗಿಗೆ ಹೋದೆ. ಮೂರನೆಯ ದಿನ ಸಂಜೆ ಫೋನು ತೆರೆದರೆ ಹನ್ನೊಂದು ಕರೆಗಳು. ಸಂಘದ ಕೆಲಸಕ್ಕೆ ಬರುವ, ನಿಮ್ಮದೇ ವಯಸ್ಸಿನ ಹುಡುಗಿಯೊಬ್ಬಳು ಮಾಡಿದ್ದಳು.

"ಕಾಕಾ, ಇಂಗ್ಲಿಷಿನಾಗ ಹೆಸರು ಬರದವ್ರದ್ದು ಹೊಂಟೈತಿ. ಕನ್ನಡದಾಗ ಬರದವ್ರದ್ದಷ್ಟ ಹೋಗವಲ್ದು" ಎಂದಳು.

ಅವಳಿಗೆ ಹ್ಯಾಸ್ಕೆಲ್ ಬಾರದು. ನಾನು ಬರೆದದ್ದನ್ನು ತೆರೆದು ನೋಡಿ, ಒಂದಕ್ಷರವೂ ತಿಳಿಯದೆ ಮುಚ್ಚಿದ್ದಳು. ಆದರೆ ಸರ್ವರಿನ ಲಾಗಿನಲ್ಲಿ 'ಈ ಅಕ್ಷರವನ್ನು ಬರೆಯಲಾರೆ' ಎಂಬ ಅರ್ಥದ ದೂರೂ, ಅದರ ಪಕ್ಕ 3221 ಎಂಬ ಸಂಖ್ಯೆಯೂ ಅವಳ ಕಣ್ಣಿಗೆ ಬಿದ್ದಿದ್ದವು. ಯೂನಿಕೋಡ್ ಪಟ್ಟಿಯಲ್ಲಿ ಹುಡುಕಿದರೆ ಅದು ಯಾವುದೋ ಕನ್ನಡ ಅಕ್ಷರ. ಮನೆಯಲ್ಲಿ ಕನ್ನಡ ಮಾತನಾಡಿದರೂ ಓದಲು ಅವಳಿಗೆ ಬಾರದು. ಪರದೆಯ ಮೇಲಿನ ಆಕಾರವನ್ನು ಅವರ ಅಜ್ಜಿಗೆ ತೋರಿಸಿ ಕೇಳಿದಳಂತೆ. "ಇದು ಕ ಅಲ್ಲೇನವಾ" ಅಂದರಂತೆ ಅಜ್ಜಿ.

ನನಗೆ ಆ ಕ್ಷಣವೇ ಹೊಳೆಯಿತು. ಬಂದ ಹೆಸರನ್ನು ಉಳಿಸುವ ಮೊದಲು ಲಾಗಿನಲ್ಲಿ ಒಮ್ಮೆ ಮುದ್ರಿಸುವಂತೆ ನಾನೇ ಬರೆದಿದ್ದೆ. ಯಾವ ಲಿಪಿಸಂಕೇತದಲ್ಲಿ ಮುದ್ರಿಸಬೇಕೆಂಬುದನ್ನು ಹ್ಯಾಸ್ಕೆಲ್ ಆಯಾ ಯಂತ್ರದ ಏರ್ಪಾಡನ್ನು ನೋಡಿ ನಿರ್ಧರಿಸುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಯುಟಿಎಫ್-8; ನನ್ನ ಹೆಸರನ್ನು ಕನ್ನಡದಲ್ಲೇ ಬರೆದು ಪರೀಕ್ಷಿಸಿದ್ದೆ, ಸರಿಯಾಗಿತ್ತು. ಸರ್ವರಿನಲ್ಲಿ ಆ ಏರ್ಪಾಡೇ ಇರಲಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳಿಗಷ್ಟೇ ಪ್ರವೇಶ. ಕನ್ನಡದ ಮೊದಲ ಅಕ್ಷರ ಬಂದೊಡನೆ ಆ ಕೋರಿಕೆ ಅಲ್ಲೇ ಸತ್ತುಹೋಗುತ್ತಿತ್ತು. 'ಈ ಕೆಲಸ ಹೊರಜಗತ್ತನ್ನು ಮುಟ್ಟುತ್ತದೆ' ಎಂದು ಐಓ ಗುರುತು ಹೇಳಿತ್ತು. ಹೊರಜಗತ್ತು ಹೇಗಿದೆಯೆಂದು ಅದು ಹೇಳಲಾರದು.

ಸರಿಪಡಿಸಲು ಬೇಕಾದದ್ದು ಒಂದೇ ಸಾಲು. ಫೋನಿನಲ್ಲಿ ಹೇಳಿದೆ, ಐದು ನಿಮಿಷದಲ್ಲಿ ಅವಳು ಹಾಕಿದಳು. ಅಡಿಗೆಯವರಿಗೆ ಲೆಕ್ಕ ಕೊಡುವುದು ಅದೇ ರಾತ್ರಿ. ಅವಳೂ ಅವಳ ಇಬ್ಬರು ಗೆಳತಿಯರೂ ಹನ್ನೊಂದು ಗಂಟೆಯವರೆಗೆ ಹಿರಿಯ ಸದಸ್ಯರ ಮನೆಗಳಿಗೆಲ್ಲ ಫೋನು ಮಾಡಿ ಹೆಸರು ಬರೆದುಕೊಂಡರು. ಬಹುತೇಕ ಎಲ್ಲರೂ ಬಂದರು. ಒಬ್ಬ ನಿವೃತ್ತ ಮಾಸ್ತರರು ಮಾತ್ರ ಬರಲಿಲ್ಲ. ಮೂರು ಸಲ ಪ್ರಯತ್ನಿಸಿ ಸೋತಿದ್ದರಂತೆ. "ಕನ್ನಡ ಸಂಘದ ಯಂತ್ರಕ್ಕ ಕನ್ನಡಾನ ಬರೂದಿಲ್ಲ ಅಂದ್ರ, ನಾ ಯಾಕ ಬರ್ಲಿ?" ಎಂದು ಫೋನಿಟ್ಟರಂತೆ.

ಮುಂದಿನ ವಾರ ಅವರ ಮನೆಗೆ ಹೋಗಿ ಕೈಮುಗಿದೆ. ಚಹಾ ಕೊಟ್ಟರು. ತಪ್ಪು ಹೇಗಾಯಿತೆಂದು ವಿವರಿಸತೊಡಗಿದೆ; ನಡುವೆಯೇ ತಡೆದು, "ಅದನ್ನ ನಿಮ್ಮನ್ನ ಬಿಟ್ಟು ಇನ್ಯಾರಿಗಾದ್ರೂ ರಿಪೇರಿ ಮಾಡಾಕ ಬರತೈತೇನು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮಡಿಯ ಹೆಸರಿನಲ್ಲಿ ನಮ್ಮ ಹಿರಿಯರು ಎಷ್ಟು ಮನುಷ್ಯರನ್ನು ಹೊಸ್ತಿಲ ಹೊರಗೇ ನಿಲ್ಲಿಸಿದರೆಂಬುದು ದಾರಿಯುದ್ದಕ್ಕೂ ತಲೆಯಲ್ಲಿತ್ತು.

ಈಗ ಸಂಘದ ಆ್ಯಪ್ ಪೈಥಾನಿನಲ್ಲಿದೆ. ಆ ಹುಡುಗಿಯೂ ಇನ್ನು ಮೂವರು ಯುವಕರೂ ಸೇರಿ ಬರೆದರು. ನನಗೆ ಸಂಕಟವಾಗಲಿಲ್ಲವೆಂದರೆ ಸುಳ್ಳಾದೀತು. ಆದರೆ ಅವಳು ಬರೆದ ಶುಲ್ಕದ ಲೆಕ್ಕ ನೋಡಿದೆ: ಗಡಿಯಾರ ಹೊರಗೆ, ತಾರೀಖು ಕೈಗೆ. "ನಿಮ್ಮ ಅದೊಂದು ಪದ್ಧತಿ ಚೊಲೋ ಇತ್ತು ಕಾಕಾ" ಎಂದಳು.

ಹ್ಯಾಸ್ಕೆಲ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಅಗತ್ಯವಾಗಿ ಕಲಿಯಿರಿ, ಯಾವ ಭಾಷೆಯಲ್ಲಿ ಬರೆದರೂ ನಿಮ್ಮ ಕೈ ಹಸನಾಗುತ್ತದೆ. ಆದರೆ ಹತ್ತು ಜನರ ಕೆಲಸಕ್ಕೆ ಭಾಷೆ ಆರಿಸುವ ಮೊದಲು, ನೀವು ಊರಲ್ಲಿ ಇಲ್ಲದ ದಿನ ಅದನ್ನು ತೆರೆದು ನೋಡುವವರು ಯಾರೆಂದು ಕೇಳಿಕೊಳ್ಳಿ. ಪರೀಕ್ಷೆಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ, ಅದು ನಿಜವಾಗಿ ಓಡುವ ಯಂತ್ರದಲ್ಲಿ ಮಾಡಿ. ಮೊದಲ ಹೆಸರು ಕನ್ನಡದಲ್ಲಿರಲಿ.

ಆ ಹುಡುಗಿ ಈಗ ಭಾನುವಾರ ಸಂಜೆ ಸಂಘದ ಕನ್ನಡ ವರ್ಗಕ್ಕೆ ಬರುತ್ತಾಳೆ. ಒತ್ತಕ್ಷರಕ್ಕೆ ಬಂದಿದ್ದಾಳೆ. ಪಾಠ ಮುಗಿದ ಮೇಲೆ ಆ್ಯಪಿನ ಕೆಲಸವೂ ಅಲ್ಲೇ ನಡೆಯುತ್ತದೆ. ಕೈಗಳು ಇನ್ನೂ ಬೇಕು. ಬನ್ನಿ.