ಗರಗಸದ ಭಯ

ಅಮೆರಿಕಾ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ಆರೆಗನ್ ಪ್ರಾಂತ್ಯವು ಮರಕ್ಕೆ ಹೆಸರಾದ ನಾಡು. ತೆಳ್ಳನೆಯ ಮರದ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸಿದ ಪ್ಲೈವುಡ್ ಹಲಗೆಯನ್ನು, ಆ ಸೀಮೆಯ ಡಗ್ಲಸ್ ಫರ್ ಮರದಿಂದ ಮಾಡಿ, 1905ರಲ್ಲಿ ಅಲ್ಲಿಯ ಪೋರ್ಟ್‌ಲೆಂಡ್ ನಗರದ ವಸ್ತುಪ್ರದರ್ಶನದಲ್ಲಿ ಜನರ ಮುಂದಿಟ್ಟಿದ್ದರು. ಆ ಪ್ರಾಂತ್ಯದ ಸಣ್ಣದೊಂದು ಊರಿನಲ್ಲಿ, ಮರ ಕೊಯ್ಯುವ ಕಾರ್ಖಾನೆಯ ಕೆಲಸಗಾರನ ಮಗನಾಗಿ ಹುಟ್ಟಿಯೂ, 58 ವರ್ಷ ತುಂಬುವವರೆಗೆ ಗರಗಸದ ಹಿಡಿಯನ್ನು ಮುಟ್ಟದ ಗೃಹಸ್ಥನೊಬ್ಬನಿದ್ದನು. ಲೆಕ್ಕಪತ್ರ ಬರೆಯುವುದು ಆತನ ವೃತ್ತಿ. ತಂದೆಯ ಬಲಗೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಬಾಲ್ಯದಲ್ಲಿ ದಿನವೂ ಊಟದ ಮೇಜಿನ ಆಚೆ ಕಡೆಗೆ ಆ ಕೈ ಕಾಣುತ್ತಿತ್ತು. ಬೆರಳುಗಳು ಹೋದುದು ಹೇಗೆಂದು ಆ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಗರಗಸವೆಂದರೆ ಬೆರಳು ತಿನ್ನುವ ವಸ್ತು ಎಂಬುದಷ್ಟೇ ಹುಡುಗನ ಮನಸ್ಸಿನಲ್ಲಿ ಬೇರೂರಿತು.

ಹೀಗಿರುವಲ್ಲಿ ಆತನ ಹೆಂಡತಿಗೆ ಒಂದು ಬಯಕೆ ಹುಟ್ಟಿತು. ಮೋಟಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟದೊಂದು ಮನೆಗಾಡಿಯನ್ನು ತಾವೇ ಮಾಡಿಕೊಳ್ಳಬೇಕು, ಸಮುದ್ರ ತೀರದಲ್ಲಿ ನಾಲ್ಕು ರಾತ್ರಿ ಕಳೆಯಬೇಕು. ಕೊಳ್ಳೋಣವೆಂದರೆ ಬೆಲೆ ಹೆಚ್ಚು. ಕಣ್ಣೀರಿನ ಹನಿಯನ್ನು ಅಡ್ಡ ಮಲಗಿಸಿದಂತೆ ಮುಂದೆ ಗುಂಡಾಗಿ ಹಿಂದಕ್ಕೆ ಇಳಿಜಾರಾಗಿರುವ ಈ ಬಗೆಯ ಗಾಡಿ ಅಲ್ಲಿ ಹೊಸದೇನಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರ ಸೆಪ್ಟೆಂಬರಿನಲ್ಲಿ, ಮೆಕ್ಯಾನಿಕ್ಸ್ ಇಲ್ಲಸ್ಟ್ರೇಟೆಡ್ ಎಂಬ ಮಾಸಪತ್ರಿಕೆ ಅದರ ನಕ್ಷೆಯನ್ನು ಅಚ್ಚು ಹಾಕಿತು. ಅದನ್ನು ನೋಡಿ ತಮ್ಮ ಹಿತ್ತಲಿನಲ್ಲಿಯೇ ಗಾಡಿ ಕಟ್ಟಿಕೊಂಡವರು ಅನೇಕರು. ಒಳಗೆ ಇಬ್ಬರು ಮಲಗುವಷ್ಟು ಸ್ಥಳ. ಹಿಂದಿನ ಮುಚ್ಚಳವನ್ನು ಮೇಲಕ್ಕೆತ್ತಿದರೆ ಅಡಿಗೆಮನೆ. ಅಗಲ 4 ಅಡಿ, ಉದ್ದ 8 ಅಡಿ ಇರುವ ಗಾಡಿಗಳೇ ಹೆಚ್ಚು. ಪ್ಲೈವುಡ್ ಹಲಗೆ ಅಂಗಡಿಯಲ್ಲಿ ದೊರೆಯುವುದು ಆ ಅಳತೆಯಲ್ಲಿಯೇ ಆದುದರಿಂದ, ಮಲಗುವವರ ಮೈಯಳತೆಗಿಂತ ಹಲಗೆಯ ಅಳತೆಗೇ ಅಲ್ಲಿ ಮನ್ನಣೆ.

ಕಬ್ಬಿಣದ ಚೌಕಟ್ಟೂ ಚಕ್ರಗಳೂ ಸಿದ್ಧವಾಗಿ ಬಂದುವು. ಉಳಿದುದು ಹಲಗೆ ಕೊಯ್ಯುವ ಕೆಲಸ. ಅದಕ್ಕಾಗಿ ದುಂಡು ಗರಗಸವೊಂದನ್ನು ತಂದರು. ಇದರ ಹುಟ್ಟಿನ ಕಥೆಯನ್ನು ಕಬ್ಬು ಬೆಳೆಯುವ ನಮ್ಮ ನಾಡಿನವರು ಕೇಳತಕ್ಕದ್ದು. 1920ರ ದಶಕದಲ್ಲಿ ಎಡ್ಮಂಡ್ ಮಿಶೆಲ್ ಎಂಬಾತನು ಕಬ್ಬಿನ ಗದ್ದೆಯಲ್ಲಿ ಆಳುಗಳು ಕತ್ತಿ ಬೀಸಿ ದಣಿಯುವುದನ್ನು ಕಂಡು, ಆ ಕತ್ತಿಗೆ ಮೋಟಾರು ಹೂಡುವ ಯತ್ನದಲ್ಲಿ ತೊಡಗಿ, ಕೊನೆಗೆ ಕೈಯಲ್ಲಿ ಹಿಡಿದು ಮರ ಕೊಯ್ಯುವ ವಿದ್ಯುತ್ ಗರಗಸಕ್ಕೆ ಬಂದು ಮುಟ್ಟಿದನೆಂದು ಹೇಳುತ್ತಾರೆ. ಹೊಲದಲ್ಲಿ ಹುಟ್ಟಿದ ಆಲೋಚನೆ ಬಡಗಿಯ ಪಾಲಿಗೆ ಬಂತು.

ಗೃಹಸ್ಥನು ಪುಸ್ತಕ ಓದಿದನು. ತೋಳು ಮಡಿಸಿದನು, ಕನ್ನಡಕ ಧರಿಸಿದನು, ಹಲಗೆಯ ದಪ್ಪಕ್ಕಿಂತ ಅಲಗು ತುಸುವೇ ಕೆಳಗಿಳಿಯುವಂತೆ ತಿರುಪು ಬಿಗಿದನು. ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆಯಿತು. ಆದರೆ ಹಲಗೆಯನ್ನು ಎರಡು ಮರದ ಕುದುರೆಗಳ ಮೇಲಿಟ್ಟು ಅವುಗಳ ನಡುವೆ ಕೊಯ್ಯತೊಡಗಿದನು. ಅರ್ಧ ಕೊಯ್ಯುವ ಹೊತ್ತಿಗೆ ಆಧಾರವಿಲ್ಲದ ನಡುಭಾಗ ಜಗ್ಗಿತು. ಕೊಯ್ದ ಸೀಳು ಮೇಲ್ಗಡೆಯಲ್ಲಿ ಮುಚ್ಚಿಕೊಂಡು ಅಲಗನ್ನು ಕಚ್ಚಿತು. ನಿಮಿಷಕ್ಕೆ 5,000 ಸುತ್ತು ತಿರುಗುವ ಅಲಗು ಮುಂದೆ ಹೋಗಲಾರದೆ, ತನ್ನ ವೇಗವನ್ನೆಲ್ಲ ತಿರುಗಿಸಿಕೊಂಡು, ಗರಗಸವನ್ನೇ ಆತನತ್ತ ಹಿಂದಕ್ಕೆ ಎಸೆಯಿತು. ಅಲಗಿನ ಗೆರೆಯಿಂದ ತುಸು ಪಕ್ಕಕ್ಕೆ ನಿಂತಿದ್ದರಿಂದ ಪೆಟ್ಟಾಗಲಿಲ್ಲ. ಆತನು ವಯರನ್ನು ಕಿತ್ತು ಸುತ್ತಿಟ್ಟು ಒಳಗೆ ಬಂದವನು ಹನ್ನೊಂದು ದಿನ ಆ ಕೊಟ್ಟಿಗೆಯ ಬಾಗಿಲನ್ನು ತೆರೆಯಲಿಲ್ಲ. ಹೆಂಡತಿಯೊಡನೆ ಬೆನ್ನುನೋವೆಂದು ಹೇಳಿದನು. ಆಕೆ ನಂಬಿದಳೆಂದು ತೋರುವುದಿಲ್ಲ.

ಹನ್ನೆರಡನೆಯ ದಿನ ಕೊಟ್ಟಿಗೆಯಿಂದ ಸದ್ದು ಕೇಳಿಸಿತು. ಹೋಗಿ ನೋಡಿದರೆ ಆಕೆ ಹಲಗೆಯನ್ನು ನೆಲಕ್ಕಿಳಿಸಿ, ಅದರ ಅಡಿಗೆ ಉದ್ದಗಲಕ್ಕೂ ಮೆತ್ತನೆಯ ನೊರೆಹಲಗೆಯನ್ನು ಹಾಸಿ, ಮಂಡಿಯೂರಿ ಕುಳಿತಿದ್ದಳು. ಕೊಯ್ದ ಎರಡು ಪಾಲುಗಳಿಗೂ ಆಧಾರವಿದ್ದರೆ ಸೀಳು ಮುಚ್ಚಲಾರದು ಎಂಬುದು ಆಕೆಗೆ ತಾನಾಗಿಯೇ ಹೊಳೆದಿತ್ತು. ಕೈಯಲ್ಲಿದ್ದುದು ದುಂಡು ಗರಗಸವಲ್ಲ, ಅಲಗು ಮೇಲಕ್ಕೂ ಕೆಳಕ್ಕೂ ಆಡುವ ಸಣ್ಣ ಜಿಗ್ ಗರಗಸ. ಬಾಗಿದ ಗೆರೆಯನ್ನು ಕೊಯ್ಯಲು ತಕ್ಕುದು. ಆಕೆ ಮೂವತ್ತು ವರ್ಷ ಹೊಲಿಗೆಯ ಯಂತ್ರದ ಮುಂದೆ ಕುಳಿತು ಜೀವನ ಮಾಡಿದವಳು. ಈ ಗರಗಸವೂ ಹೊಲಿಗೆಯ ಯಂತ್ರದಿಂದಲೇ ಹುಟ್ಟಿದುದು. ಸ್ವಿಟ್ಸರ್ಲೆಂಡಿನ ಆಲ್ಬರ್ಟ್ ಕಾಫ್‌ಮನ್ ಎಂಬ ಎಂಜಿನಿಯರು 1946ರಲ್ಲಿ ಹೆಂಡತಿಯ ಯಂತ್ರದ ಸೂಜಿಯನ್ನು ತೆಗೆದು ಅಲ್ಲಿ ಅಲಗನ್ನು ಸಿಕ್ಕಿಸಿ ಪರೀಕ್ಷಿಸಿದನಂತೆ. ಇದೇನನ್ನೂ ಅರಿಯದ ಈಕೆ, "ಬಟ್ಟೆಯನ್ನು ಹೇಗೆ ಎಳೆಯಬಾರದೋ ಹಾಗೆಯೇ ಇದನ್ನು ನೂಕಬಾರದು. ತಾನೇ ತಿಂದುಕೊಂಡು ಹೋಗುತ್ತದೆ, ನೀನು ದಾರಿ ತೋರಿಸಿದರೆ ಸಾಕು" ಎಂದಳು. ಮರದ ಚೂರುಗಳು ಏಳುವುದು ಮೇಲ್ಮೈಯಲ್ಲಿ, ಏಕೆಂದರೆ ಹಲ್ಲು ಕೊಯ್ಯುವುದು ಮೇಲಕ್ಕೆ ಬರುವಾಗ. ಆದುದರಿಂದ ಹಲಗೆಯ ಒಳ್ಳೆಯ ಮುಖವನ್ನು ಕೆಳಗೆ ಮಾಡಿ ಹಿಂಬದಿಯಲ್ಲಿ ಗೆರೆ ಎಳೆಯುವುದನ್ನೂ ಆತನು ಆಕೆಯಿಂದಲೇ ಕಲಿತನು.

ಮೊದಲ ಗೋಡೆಯ ಕೊನೆಯ ಎರಡಡಿಯನ್ನು ಆತನು ಕೊಯ್ದನು. ಕೈ ನಡುಗಿ ಒಂದು ಕಡೆ ಗೆರೆಯನ್ನು ಬಿಟ್ಟು ಕಾಲಂಗುಲ ಒಳಕ್ಕೆ ಹೋಯಿತು. ಎರಡನೆಯ ಗೋಡೆಗೆ ಬೇರೆ ಗೆರೆ ಎಳೆಯುವುದಿಲ್ಲ. ಮೊದಲನೆಯದನ್ನು ಅದರ ಮೇಲೆ ಬಿಗಿದು, ರೂಟರ್ ಎಂಬ ಯಂತ್ರದಿಂದ ಅಂಚನ್ನು ತರಿಯುತ್ತಾರೆ. ಅದರ ಅಲಗಿನ ಬುಡದಲ್ಲಿರುವ ಪುಟ್ಟ ಉರುಳೆ ಮೇಲಿನ ಹಲಗೆಯ ಅಂಚನ್ನು ಸವರಿಕೊಂಡು ಹೋದಂತೆ ಕೆಳಗಿನದು ಅದರ ಪಡಿಯಚ್ಚಾಗುತ್ತದೆ. ಉರುಳೆಗೆ ಗುಣದೋಷದ ವಿವೇಚನೆಯಿಲ್ಲ; ಕಾಲಂಗುಲದ ತಗ್ಗು ಎರಡನೆಯ ಗೋಡೆಗೂ ಇಳಿಯಿತು. ಆತನು ಹಲಗೆ ಎಸೆದು ಹೊಸದು ತರುವೆನೆಂದನು; ಆಕೆ ಬೇಡವೆಂದಳು. ಮಾಡಿನ ತೆಳುಹಲಗೆಯನ್ನು ಬಾಗಿಸಿ ಹೊದಿಸಿದಾಗ, ಎರಡು ಕಡೆಯೂ ಒಂದೇ ಬಗೆಯ ತಗ್ಗಿದ್ದುದರಿಂದ, ಅದು ಎಲ್ಲಿಯೂ ತಿರುಚಿಕೊಳ್ಳದೆ ಕುಳಿತುಕೊಂಡಿತು.

ಗಾಡಿಗೆ ಹಿಂದಿನ ಮುಚ್ಚಳವೊಂದು ಬಾಕಿಯಿದ್ದಾಗ ಆತನ ತಂದೆ ನೋಡಲು ಬಂದರು. ಅವರಿಗೆ 86 ವರ್ಷ. ಮುದುಕರು ಏನೂ ಮಾತನಾಡದೆ, ಮೂರು ಬೆರಳಿನ ಕೈಯನ್ನು ಅಂಚಿನ ಉದ್ದಕ್ಕೂ ಆಡಿಸುತ್ತ ಬಂದು ತಗ್ಗಿನ ಬಳಿ ನಿಂತರು.

"ಇದು ನೀನು ಕೊಯ್ದದ್ದೇ?"

"ಹೌದು ಅಪ್ಪ. ಹೆದರಿಕೆಯಾಗಿತ್ತು."

"ಏಕೆ?"

ಮಗನು ಉತ್ತರ ಕೊಡದೆ ಆ ಕೈಯನ್ನು ನೋಡಿದನು. ಮುದುಕರು ಕೈಯನ್ನು ತಾವೂ ಒಮ್ಮೆ ನೋಡಿಕೊಂಡು, ಹಲಗೆಯ ಮೇಲೆ ಕುಳಿತರು. ಅಂದು ಊಟದ ಗಂಟೆ ಹೊಡೆದಿತ್ತಂತೆ. ಕೆಲಸವೆಲ್ಲ ಮುಗಿದು ಮೇಜುಗರಗಸದ ಪಕ್ಕದಲ್ಲಿ ಗೇಣುದ್ದದ ತುಂಡೊಂದು ಉಳಿದಿತ್ತು. ಗುಂಡಿಯನ್ನು ಒತ್ತಿ ಯಂತ್ರ ನಿಲ್ಲಿಸಿದ್ದರು. ಅಲಗು ಮಾತ್ರ ಇನ್ನೂ ತಿರುಗುತ್ತಿತ್ತು. ಅದು ನಿಲ್ಲಲು ಅರ್ಧ ನಿಮಿಷವೂ ಬೇಕಿರಲಿಲ್ಲ. ತುಂಡನ್ನು ತೆಗೆಯಲು ಕೈ ಚಾಚಿದರು.

ಚರ್ಮ ಸೋಕಿದ ಕ್ಷಣದಲ್ಲಿಯೇ, ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನೊಳಗೆ, ಅಲಗು ತಾನಾಗಿ ನಿಲ್ಲುವಂತಹ ಉಪಾಯವನ್ನು ಸ್ಟೀವ್ ಗ್ಯಾಸ್ ಎಂಬಾತನು ಆ ಪ್ರಾಂತ್ಯದಲ್ಲಿಯೇ ಕಂಡುಹಿಡಿದುದು 1999ರಲ್ಲಿ. ಆ ಹೊತ್ತಿಗೆ ಮುದುಕರು ಕಾರ್ಖಾನೆಯನ್ನು ಬಿಟ್ಟು ಬಹುಕಾಲವಾಗಿತ್ತು.

"ನನ್ನನ್ನು ಇದುವರೆಗೆ ಯಾರೂ ಕೇಳಲಿಲ್ಲ" ಎಂದರು. ಬಳಿಕ ಮುಚ್ಚಳದ ಹಲಗೆಯನ್ನು ತೋರಿಸಿ, ಅದರ ಒಳ್ಳೆಯ ಮುಖ ಯಾವುದೆಂದು ಸೊಸೆಯನ್ನು ವಿಚಾರಿಸಿದರು. ಮಗನು ವಯರನ್ನು ಬಿಚ್ಚಿ ಗೋಡೆಗೆ ಸಿಕ್ಕಿಸಿದನು.