ತಾಮ್ರದ ತಂತಿ

ಕಳೆದ ವರ್ಷ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೊರಟ ಸಂಜೆ ನನ್ನ ಕಾರಿನ ಹಿಂದೀಪಗಳು ಉರಿಯಲಿಲ್ಲ. 10 ಆಂಪಿಯರಿನ ಫ್ಯೂಸು ಸುಟ್ಟಿದ್ದಿತು. ಅದರ ಎಡೆಯಲ್ಲಿ ತಾಮ್ರದ ತಂತಿಯೊಂದನ್ನು ಸಿಕ್ಕಿಸಿ ಹಿಗ್ಗಿದೆನು. ದೀಪ ಬೆಳಗಿತು, ಊರು ಸೇರುವಷ್ಟರಲ್ಲಿ ಹೊಗೆಯೂ ಎದ್ದಿತು. ತಾನು ಸುಟ್ಟು ಮಿಕ್ಕ ತಂತಿಗಳನ್ನು ಕಾಯುವುದೇ ಫ್ಯೂಸಿನ ಧರ್ಮ; ಆ ಕಾವಲನ್ನೇ ಕಿತ್ತಿದ್ದೆನು.

ವಾರಂಟಿಯ ಅವಧಿ ಮುಗಿದಿರಲಿಲ್ಲ. ತಂತಿಯನ್ನು ಮರೆಮಾಡಿರೆಂದು ಆಪ್ತರು ಸೂಚಿಸಿದರು. ಮೂವತ್ತು ವರ್ಷ ಬಾಲಕರಿಗೆ ಸತ್ಯವನ್ನು ಬೋಧಿಸಿದ ನಾಲಗೆ ಒಪ್ಪಲಿಲ್ಲ, ನಡೆದುದನ್ನು ಹೇಳಿದೆನು. ತಯಾರಿಕೆಯ ದೋಷಕ್ಕೆ ಮಾತ್ರ ತಯಾರಕರು ಹೊಣೆಯೆಂದು ಪತ್ರದಲ್ಲಿದ್ದಿತು. ವೆಚ್ಚ ನನ್ನ ಪಾಲಿಗೆ ಬಂದಿತು.

ಖೇದವೊಂದೇ: ಮೊದಲ ಫ್ಯೂಸು ಏಕೆ ಸುಟ್ಟಿತೆಂದು ವಿಚಾರಿಸಲಿಲ್ಲ. ಅದು ತಯಾರಕರ ದೋಷವೇ ಆಗಿದ್ದಿರಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಪರಿಹಾರ ಕೊಡಿಸಬಲ್ಲುದು; ಸಾಕ್ಷ್ಯವನ್ನೇ ಸುಟ್ಟವನಿಗೆ ಏನು ಮಾಡೀತು? ತರ್ಕಶಾಸ್ತ್ರದಲ್ಲಿ ಕಾರಣವನ್ನು ಹುಡುಕಲು ಕಲಿತ ನಾನು ರಸ್ತೆಯಲ್ಲಿ ಕಾರ್ಯವನ್ನಷ್ಟೇ ಕಂಡೆನು.