ಚಿಂತೆಗೊಂದು ಹೊತ್ತು

ನಮ್ಮ ಮನೆಯಲ್ಲಿ ಚಿಂತೆ ಪಿತ್ರಾರ್ಜಿತ ಆಸ್ತಿ. ಪಾಲು ಕೇಳದವರಿಗೂ ಸಿಗುತ್ತದೆ. ಅಮ್ಮನಿಂದ ನನಗೆ ಬಂದದ್ದು, 8 ವರ್ಷದ ಮಗಳು ಪುಟ್ಟಿಯ ಕೈಗೆ ಬರುವ ಹೊತ್ತಿಗೆ ಬಡ್ಡಿ ಸೇರಿ ಬೆಳೆದಿತ್ತು.

"ಲಿಫ್ಟ್ ಮಧ್ಯದಲ್ಲೇ ನಿಂತ್ರೆ? ನೀನು ಆಫೀಸಿಂದ ಬರದೇ ಇದ್ರೆ?" ಪರೀಕ್ಷೆಯ ದಿನ ಇದೇ ಪ್ರಶ್ನೆಗಳು ಹೊಟ್ಟೆನೋವಿನ ವೇಷ ಹಾಕಿಕೊಂಡು ಬರುತ್ತಿದ್ದವು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲವೆಂದರು. ಅಮ್ಮ ದೃಷ್ಟಿ ತೆಗೆದಳು. ಮೆಣಸಿನಕಾಯಿ ಘಾಟೇ ಬರಲಿಲ್ಲವೆಂದು ಮನೆಗೆ ಇನ್ನೊಂದು ಚಿಂತೆ ಸೇರಿತು.

ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿ, ಮಕ್ಕಳ ಆಪ್ತಸಮಾಲೋಚಕರನ್ನು ಕಾಣಲು ಹೇಳಿದರು. ಹೋಗಿ ಕಂಡಾಗ ಆ ಮೇಡಂ ಪುಟ್ಟಿಗಿಂತ ನಮಗೇ ಹೆಚ್ಚು ಪಾಠ ಮಾಡಿದರು. "ಏನೂ ಆಗಲ್ಲ ಅಂತ ಪ್ರತಿಸಲ ಹೇಳ್ಬೇಡಿ. ಆ ಸಮಾಧಾನ ಸ್ವಲ್ಪ ಹೊತ್ತು ಇರುತ್ತೆ, ಮಗು ಮತ್ತೆ ಅದನ್ನೇ ಕೇಳ್ಕೊಂಡು ಬರುತ್ತೆ. ಚಿಂತೆ ಮಾಡೋಕೇ ಒಂದು ಹೊತ್ತು ಗೊತ್ತುಮಾಡಿ." ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೋರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಪ್ರಕಟಿಸಿದ ಉಪಾಯವಂತೆ: ದಿನಕ್ಕೆ ಅರ್ಧ ಗಂಟೆ ಕೂತು ಚಿಂತಿಸುವುದು, ಬೇರೆ ಹೊತ್ತಲ್ಲಿ ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡುವುದು. ಪುಟ್ಟಿಗೆ 15 ನಿಮಿಷ ಸಾಕೆಂದರು. ಮಲಗುವ ಹೊತ್ತು ಬೇಡ, ಸಂಜೆ 6 ಗಂಟೆ ಆಗಬಹುದು.

ಲಿಫ್ಟಿಗೂ ಒಂದು ಕ್ರಮ ಹಾಕಿಕೊಟ್ಟರು. ಮೊದಲು ಹೊರಗೆ ನಿಂತು ನೋಡುವುದು, ಆಮೇಲೆ ಬಾಗಿಲು ತೆರೆದಿರುವಾಗ ಒಳಗೆ ಕಾಲಿಡುವುದು, ಆಮೇಲೆ ಒಂದೇ ಮಹಡಿ. ಭಯ ಹೋದ ಮೇಲೆ ಹತ್ತುವುದಲ್ಲ, ಹತ್ತುತ್ತ ಹತ್ತುತ್ತ ಭಯ ಇಳಿಯಬೇಕು.

ಮೊದಲ ಸಂಜೆ ಪುಟ್ಟಿಯ ಚಿಂತೆ ಬೇಗನೇ ಮುಗಿಯಿತು. ಮಿಕ್ಕ ನಿಮಿಷಗಳನ್ನು ಅಮ್ಮ ಸಾಲ ಪಡೆದಳು. ಗ್ಯಾಸು, ಬಾಗಿಲ ಬೀಗ, ನನ್ನ ಕೊಲೆಸ್ಟ್ರಾಲು, ಎಲ್ಲವೂ ಬಂದವು. ಒಂದು ದಿನ ಅವಳ ಬಾಲ್ಯದ ಗುಡುಗು ಕೂಡ ಬಂತು. "ಗುಡುಗಿದ್ರೆ ಅರ್ಜುನನ ಹತ್ತು ಹೆಸರು ಹೇಳು ಅನ್ನೋರು. ನಿಂಗೆ ಎಷ್ಟು ಭಯ ಆಗುತ್ತೆ ಅಂತ ಯಾರೂ ಕೇಳ್ಲಿಲ್ಲ. ಹತ್ತೂ ಹೆಸರು ಮುಗಿದ್ರೂ ಗುಡುಗು ನಿಲ್ತಿರ್ಲಿಲ್ಲ."

ನನ್ನ ಬಾಯಿಗೆ "ಏನೂ ಆಗಲ್ಲಮ್ಮ" ಬಂದಿತ್ತು. ಅಷ್ಟರಲ್ಲಿ ಪುಟ್ಟಿ ಕೇಳಿದಳು, "ಆಗ ಏನ್ಮಾಡ್ತಿದ್ದೆ ಅಜ್ಜಿ?"

"ಮತ್ತೆ ಮೊದಲಿಂದ ಹೇಳ್ತಿದ್ದೆ."

ಪುಟ್ಟಿ ಗಡಿಯಾರ ನೋಡಿದಳು. "ಟೈಮ್ ಆಯ್ತು. ಮಿಕ್ಕಿದ್ದು ನಾಳೆ."

"ಅರವತ್ತು ವರ್ಷದ ಬಾಕಿ ಕಣೇ," ಅಮ್ಮ ಅಲ್ಲಿಂದ ಏಳಲಿಲ್ಲ, "ಹದಿನೈದು ನಿಮಿಷ ಎಲ್ಲಿ ಸಾಲುತ್ತೆ?"